ಥೈರಾಯ್ಡ್ ಕಡಿಮೆಯಾದರೆ ಡಿಎನ್‌ಎಗೆ ಏನಾಗುತ್ತದೆ, ಹೃದಯಕ್ಕೆ ಏನಾಗುತ್ತದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನ ಒಂದು ಲ್ಯಾಬಿನಲ್ಲಿ 26 ವರ್ಷ ರಕ್ತಪರೀಕ್ಷೆ ಮಾಡಿ ಈಗ ಉಡುಪಿಯ ಮನೆಯಲ್ಲಿ ಕೂತಿದ್ದೇನೆ. ನಾನು ಡಾಕ್ಟರ್ ಅಲ್ಲ. ನನಗೂ ಥೈರಾಯ್ಡ್ ಕಡಿಮೆ, ಬೆಳಿಗ್ಗೆ ಎದ್ದು ನುಂಗುವ ಮಾತ್ರೆಗೆ 15 ವರ್ಷ ತುಂಬಿತು. ಇತ್ತೀಚೆಗೆ ಊರಿನ ವಾಟ್ಸಾಪ್ ಗುಂಪುಗಳಲ್ಲಿ "ಥೈರಾಯ್ಡ್ ಇದ್ದವರ ಜೀನ್ ಹಾಳಾಗುತ್ತದೆ, ಹಾರ್ಟಿಗೆ ಅಪಾಯ" ಎಂಬ ಸಂದೇಶ ಓಡಾಡತೊಡಗಿದ ಮೇಲೆ ಅಕ್ಕಪಕ್ಕದವರು, ನೆಂಟರು, ಹಳೆಯ ಪರಿಚಯದವರು ಕೇಳಿದ ಪ್ರಶ್ನೆಗಳನ್ನು ಒಂದೆಡೆ ಸೇರಿಸಿ ಉತ್ತರ ಬರೆದಿದ್ದೇನೆ. ನಿಮ್ಮ ಮಾತ್ರೆಯ ಪ್ರಮಾಣ ಹೆಚ್ಚು ಕಡಿಮೆ ಮಾಡುವುದು ನಿಮ್ಮ ಡಾಕ್ಟರ ಕೆಲಸ, ಈ ಬರಹದ್ದಲ್ಲ.

"ನನಗೆ ಥೈರಾಯ್ಡ್ ಉಂಟು" ಅಂದರೆ ಎಂತ?

ಥೈರಾಯ್ಡ್ ಎಲ್ಲರಿಗೂ ಉಂಟು. ಕುತ್ತಿಗೆಯ ಮುಂಭಾಗದಲ್ಲಿ ಶ್ವಾಸನಾಳವನ್ನು ಅಪ್ಪಿಕೊಂಡಂತೆ ಕೂತಿರುವ ಚಿಟ್ಟೆಯಾಕಾರದ ಗ್ರಂಥಿ ಅದು. ಅದು ಮುಖ್ಯವಾಗಿ ಟಿ4 ಎಂಬ ಹಾರ್ಮೋನನ್ನು ಮಾಡುತ್ತದೆ. ಅದರಲ್ಲಿ ಅಯೋಡಿನ್‌ನ 4 ಪರಮಾಣು. ದೇಹದ ಬೇರೆ ಅಂಗಗಳಲ್ಲಿ ಒಂದು ಪರಮಾಣು ಕಳಚಿ ಟಿ3 ಆದಾಗಲೇ ಅದಕ್ಕೆ ನಿಜವಾದ ಕಸುವು. ಗ್ರಂಥಿ ಸೋತರೆ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ "ಕೆಲಸ ಮಾಡು, ಕೆಲಸ ಮಾಡು" ಎಂದು ಟಿಎಸ್‌ಎಚ್ ಸುರಿಸುತ್ತದೆ. ಆದ್ದರಿಂದ ರಿಪೋರ್ಟಿನಲ್ಲಿ ಟಿಎಸ್‌ಎಚ್ ಏರಿದೆ ಎಂದರೆ ಥೈರಾಯ್ಡ್ ಇಳಿದಿದೆ ಎಂದು ಅರ್ಥ. ಈ ತಲೆಕೆಳಗಾದ ಲೆಕ್ಕ ಅರ್ಥ ಮಾಡಿಸಲು ನಾನು ಲ್ಯಾಬಿನ ಕಿಟಕಿಯಲ್ಲಿ ಕಳೆದ ಗಂಟೆಗಳನ್ನು ಕೂಡಿಸಿದರೆ ಒಂದು ವರ್ಷದ ಸಂಬಳ ಬರಬೇಕಿತ್ತು.

ಸಾಮಾನ್ಯವಾಗಿ ಟಿಎಸ್‌ಎಚ್ 0.4ರಿಂದ 4ರ ಆಸುಪಾಸು ಇದ್ದರೆ ಸರಿ ಎನ್ನುತ್ತಾರೆ, ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ವ್ಯತ್ಯಾಸ ಉಂಟು. ಟಿಎಸ್‌ಎಚ್ ಏರಿ, ಟಿ4 ಕೂಡ ಇಳಿದಿದ್ದರೆ ಅದು ಸ್ಪಷ್ಟ ಕೊರತೆ. ಟಿಎಸ್‌ಎಚ್ ಮಾತ್ರ ಏರಿ ಟಿ4 ಸರಿಯಿದ್ದರೆ ಅದನ್ನು ಸಬ್‌ಕ್ಲಿನಿಕಲ್ ಎನ್ನುತ್ತಾರೆ, ಅಂದರೆ ಹೊಸ್ತಿಲಿನಲ್ಲಿ ನಿಂತ ಕೊರತೆ. ಮುಂದಿನ ಹಲವು ಉತ್ತರಗಳು ಇವೆರಡರ ವ್ಯತ್ಯಾಸದ ಮೇಲೆ ನಿಂತಿವೆ.

ನಮ್ಮ ಕಡೆ ಇದು ಜಾಸ್ತಿಯಾ? ಮೀನು ತಿನ್ನುವವರಿಗೂ ಬರ್ತದಾ?

ಬರುತ್ತದೆ. ಭಾರತದ 8 ನಗರಗಳಲ್ಲಿ 5,000ಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು 11 ಶೇಕಡಾ ಮಂದಿಗೆ ಥೈರಾಯ್ಡ್ ಕೊರತೆ ಕಂಡಿತ್ತು. ಕಡಲ ಬದಿಯ ನಗರಗಳಲ್ಲಿ ಒಳನಾಡಿಗಿಂತ ತುಸು ಕಡಿಮೆ, ಅಷ್ಟೇ. ಆ ಪಟ್ಟಿಯಲ್ಲಿ ಗೋವಾ, ಮುಂಬೈ, ಚೆನ್ನೈ ಇದ್ದವು, ಮಂಗಳೂರು ಇರಲಿಲ್ಲ.

ಬಂಗುಡೆ, ಬೂತಾಯಿ ತಿಂದರೆ ಅಯೋಡಿನ್ ಸಿಗುವುದು ನಿಜ. ಆದರೆ ಅಯೋಡಿನ್ ಸಾಕಷ್ಟು ಸಿಗುವ ಊರುಗಳಲ್ಲಿ ಮುಖ್ಯ ಕಾರಣವೇ ಬೇರೆ. ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಗ್ರಂಥಿಯನ್ನು ಶತ್ರುವೆಂದು ತಿಳಿದು ಕಾಲಕ್ರಮೇಣ ತಿಂದುಹಾಕುತ್ತದೆ. ಹಕಾರು ಹಾಶಿಮೊಟೊ ಎಂಬ ಜಪಾನಿ ವೈದ್ಯ 1912ರಲ್ಲಿ ಇದನ್ನು ವಿವರಿಸಿದ್ದರಿಂದ ಕಾಯಿಲೆಗೆ ಅವರದೇ ಹೆಸರು. ಅಯೋಡಿನ್ ಅತಿಯಾದರೂ ಇಂಥವರಿಗೆ ತೊಂದರೆಯೇ. ಕಡಲಕಳೆಯ ಮಾತ್ರೆ ತರಿಸಿ ತಿನ್ನುವವರು ಇದನ್ನು ನೆನಪಿಟ್ಟುಕೊಳ್ಳಿ.

ಹಾಗಾದರೆ ಆ ಸಂದೇಶದಲ್ಲಿ ಹೇಳಿದ "ಜೀನ್ ಹಾಳಾಗುವುದು" ಸುಳ್ಳಾ?

ಪೂರ್ತಿ ಸುಳ್ಳಲ್ಲ. ಅಲ್ಲೇ ಇರುವುದು ಫಜೀತಿ. ಥೈರಾಯ್ಡ್ ಕಡಿಮೆ ಇರುವವರ ಬಿಳಿ ರಕ್ತಕಣಗಳಲ್ಲಿ, ಜೀನ್‌ಗಳನ್ನು ಹೊತ್ತ ಡಿಎನ್‌ಎ ಎಳೆಗಳ ತುಂಡಾಗುವಿಕೆ ಆರೋಗ್ಯವಂತರಿಗಿಂತ ಹೆಚ್ಚು ಕಂಡಿದೆ ಎಂದು ಹೇಳುವ ಅಧ್ಯಯನಗಳು ಇವೆ. ಚಿಕಿತ್ಸೆಯ ನಂತರ ಅದು ಇಳಿದದ್ದನ್ನು ಕಂಡವರೂ ಇದ್ದಾರೆ. ಆದರೆ ಇವು ಹೆಚ್ಚಾಗಿ ಕೆಲವು ಹತ್ತಾರು ಜನರ ಮೇಲೆ ಮಾಡಿದ ಸಣ್ಣ ಅಧ್ಯಯನಗಳು.

ನಮ್ಮ ಪ್ರತಿ ಕೋಶದಲ್ಲೂ ದಿನಕ್ಕೆ ಸಾವಿರಾರು ಸಲ ಡಿಎನ್‌ಎಗೆ ಪೆಟ್ಟು ಬೀಳುತ್ತದೆ. ಬಿಸಿಲಿನಿಂದ, ಹೊಗೆಯಿಂದ, ಉಸಿರಾಟದಿಂದ ಕೂಡ. ಅದನ್ನು ದುರಸ್ತಿ ಮಾಡುವ ವ್ಯವಸ್ಥೆ ಕೋಶದೊಳಗೇ ಇದೆ. ಆ ದುರಸ್ತಿ ಹೇಗೆ ನಡೆಯುತ್ತದೆ ಎಂದು ಕಂಡುಹಿಡಿದದ್ದಕ್ಕೆ ತೋಮಸ್ ಲಿಂಡಾಲ್, ಪಾಲ್ ಮೊಡ್ರಿಚ್, ಅಜೀಜ್ ಸಂಜಾರ್ ಅವರಿಗೆ 2015ರ ರಸಾಯನಶಾಸ್ತ್ರದ ನೊಬೆಲ್ ಬಂತು. ಮೀನಿನ ಬಲೆ ದಿನಾ ಹರಿಯುತ್ತದೆ, ದಿನಾ ದಡದಲ್ಲಿ ಕೂತು ಹೆಣೆಯುತ್ತಾರೆ, ಹಾಗೆ. ಥೈರಾಯ್ಡ್ ಕೊರತೆಗೆ ಚಿಕಿತ್ಸೆ ಆಗದಿದ್ದಾಗ ಹರಿಯುವುದು ಸ್ವಲ್ಪ ಹೆಚ್ಚುತ್ತದೆ, ಹೆಣೆಯುವುದು ಹಿಂದೆ ಬೀಳುತ್ತದೆ ಎಂಬುದು ಸಂಶೋಧಕರ ಅನುಮಾನ. ಬಲೆಯೇ ಹೋಯಿತು ಎಂದು ಯಾರೂ ಹೇಳಿಲ್ಲ.

ಡಿಎನ್‌ಎ ತುಂಡಾದದ್ದು ಅವರಿಗೆ ಹೇಗೆ ಕಾಣ್ತದೆ?

ಈ ಪ್ರಶ್ನೆ ಕೇಳಿದ್ದು ಒಬ್ಬ ಪಿಯುಸಿ ಹುಡುಗಿ, ಉಳಿದವರಿಗೆ ಬೇಡವಾದರೆ ದಾಟಿ ಹೋಗಿ. ನನಗೆ ಮಾತ್ರ ಇದು ಇಷ್ಟದ ಪರೀಕ್ಷೆ.

ಒಂದಿಷ್ಟು ರಕ್ತದಿಂದ ಬಿಳಿ ಕಣ ಬೇರ್ಪಡಿಸಿ, ಅಗರೋಸ್ ಎಂಬ ಜೆಲ್ಲಿಯಲ್ಲಿ ಕಲಸಿ ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಹರಡುತ್ತಾರೆ. ಜೆಲ್ಲಿಯೆಂದರೆ ನಮ್ಮ ಚೈನಾಗ್ರಾಸಿನ ದೂರದ ನೆಂಟ. ಆಮೇಲೆ ಕೋಶದ ಪೊರೆ ಕರಗಿಸಿ, ಕ್ಷಾರದ ದ್ರಾವಣದಲ್ಲಿಟ್ಟು, ವಿದ್ಯುತ್ ಹಾಯಿಸುತ್ತಾರೆ. ಡಿಎನ್‌ಎಗೆ ಋಣ ಆವೇಶ, ಹಾಗಾಗಿ ಅದು ಧನ ಧ್ರುವದ ಕಡೆಗೆ ಎಳೆಯಲ್ಪಡುತ್ತದೆ. ಇಡಿಯಾಗಿರುವ ಡಿಎನ್‌ಎ ಭಾರಕ್ಕೆ ಇದ್ದಲ್ಲೇ ಇರುತ್ತದೆ, ತುಂಡುಗಳು ಹಗುರಾಗಿ ಮುಂದೆ ಹರಿಯುತ್ತವೆ. ಹೊಳೆಯುವ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಪ್ಪು ಆಕಾಶದಲ್ಲಿ ಬಾಲಚುಕ್ಕಿ ಕಂಡಂತೆ ಒಂದು ತಲೆ, ಒಂದು ಬಾಲ. ಬಾಲ ಉದ್ದವಿದ್ದಷ್ಟೂ ಹಾನಿ ಹೆಚ್ಚು. ಅದಕ್ಕೇ ಇದನ್ನು ಕಾಮೆಟ್ ಪರೀಕ್ಷೆ ಎನ್ನುವುದು. 1984ರಲ್ಲಿ ಇಬ್ಬರು ಸ್ವೀಡಿಷ್ ವಿಜ್ಞಾನಿಗಳು ಇದರ ಮೊದಲ ರೂಪ ತಂದರು, ಕ್ಷಾರ ಬಳಸುವ ರೂಪ ಬಂದದ್ದು 1988ರಲ್ಲಿ.

ಇನ್ನೊಂದು ವಿಧಾನದಲ್ಲಿ, ಕೋಶ ಎರಡಾಗುವಾಗ ಮುಖ್ಯ ಕೇಂದ್ರದೊಳಗೆ ಸೇರದೆ ಹೊರಗೆ ಉಳಿದ ಕ್ರೋಮೋಸೋಮಿನ ಚೂರುಗಳನ್ನು ಎಣಿಸುತ್ತಾರೆ. ಅವು ಪುಟ್ಟ ಪುಟ್ಟ ಕೇಂದ್ರಗಳಂತೆ ಕಾಣುವುದರಿಂದ ಮೈಕ್ರೋನ್ಯೂಕ್ಲಿಯಸ್ ಎಂದು ಹೆಸರು. ಕಣ್ಣು ನೋಯುವ ಕೆಲಸ, ಸಾವಿರ ಸಾವಿರ ಕೋಶ ಎಣಿಸಬೇಕು.

ನಾನು ಆ ಪರೀಕ್ಷೆ ಮಾಡಿಸಬೇಕಾ? ಎಲ್ಲಿ ಮಾಡ್ತಾರೆ?

ಬೇಡ. ಇವು ಸಂಶೋಧನೆಯ ಪರೀಕ್ಷೆಗಳು. ಇಷ್ಟಕ್ಕಿಂತ ಮೇಲಾದರೆ ಕಾಯಿಲೆ ಎಂದು ಗೆರೆ ಎಳೆಯುವ ಅಂಕಿ ಇಲ್ಲ, ರಿಪೋರ್ಟು ಕೈಗೆ ಬಂದರೂ ಡಾಕ್ಟರು ಬರೆದುಕೊಡುವ ಚೀಟಿ ಬದಲಾಗುವುದಿಲ್ಲ. ನಿನ್ನೆ ಎಕ್ಸ್‌ರೇ ತೆಗೆಸಿದರೂ, ಬೀಡಿ ಸೇದಿದರೂ, ಜ್ವರ ಬಂದಿದ್ದರೂ ಬಾಲ ಉದ್ದವಾಗಬಹುದು. ಆ ದುಡ್ಡಿನಲ್ಲಿ ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿ, ಉಳಿದರೆ ಒಂದು ಬಿಪಿ ಯಂತ್ರ ಕೊಳ್ಳಿ.

"ಜೀನ್ ಟೆಸ್ಟ್ ಪ್ಯಾಕೇಜ್" ಎಂದು ಫೋನ್ ಮಾಡಿ ಮಾರುವವರು ಬೇರೆ ಜಾತಿ. ಅವರು ಮಾಡುವುದು ನೀವು ಹುಟ್ಟುವಾಗ ತಂದ ವಂಶವಾಹಿಗಳ ಓದು. ಮೇಲೆ ಹೇಳಿದ ಹಾನಿಗೂ ಅದಕ್ಕೂ ಸಂಬಂಧವೇ ಇಲ್ಲ.

ನನ್ನ ಜೀನ್ ಹಾಳಾಗಿದ್ದರೆ ಮಗಳಿಗೂ ಹೋಗ್ತದಲ್ಲ?

ನನಗೆ ಅತಿ ಹೆಚ್ಚು ಬಂದ ಪ್ರಶ್ನೆ ಇದೇ. ಕೇಳಿದವರಲ್ಲಿ ಹೆಚ್ಚಿನವರು ಮದುವೆ ವಯಸ್ಸಿನ ಹೆಣ್ಣುಮಕ್ಕಳ ತಾಯಂದಿರು. ಒಬ್ಬ ಅಕ್ಕ ಅಂತೂ "ಗಂಡಿನ ಕಡೆಯವರಿಗೆ ಗೊತ್ತಾದರೆ ಎಂತ ಮಾಡುವುದು" ಎಂದು ದನಿ ತಗ್ಗಿಸಿ ಕೇಳಿದರು. ಆಕೆಯ ಮುಖ ನೋಡಿಯೇ ನನಗೆ ಈ ಬರಹ ಬರೆಯಬೇಕು ಅನಿಸಿದ್ದು.

ಎಲ್ಲ ಗೊಂದಲ ಪದದಿಂದಲೇ. ಕನ್ನಡದಲ್ಲಿ ಜೀನ್‌ಗೆ ವಂಶವಾಹಿ ಎನ್ನುತ್ತೇವೆ. "ವಂಶವಾಹಿಗೆ ಹಾನಿ" ಎಂದು ಕೇಳಿದ ಕೂಡಲೇ ಕಿವಿಗೆ ಬೀಳುವುದು ವಂಶ ಎಂಬ ಮಾತು. ಆದರೆ ಕಾಮೆಟ್ ಪರೀಕ್ಷೆಯಲ್ಲಿ ಕಂಡ ಹಾನಿ ರಕ್ತದ ಕಣದಲ್ಲಿ ಆದದ್ದು. ಆ ಕಣ ಅಲ್ಲೇ ಹುಟ್ಟಿ ಅಲ್ಲೇ ಸಾಯುತ್ತದೆ. ಮಗುವಿಗೆ ಹೋಗುವುದು ಅಂಡಾಣು ಮತ್ತು ವೀರ್ಯಾಣುವಿನ ಡಿಎನ್‌ಎ ಮಾತ್ರ. ಅಂಗೈಯ ಗಾಯ ಮಗಳ ಅಂಗೈಗೆ ಬರುವುದಿಲ್ಲವಲ್ಲ, ಹಾಗೆಯೇ.

ಮಗಳಿಗೆ ದಾಟಬಹುದಾದದ್ದು ಬೇರೆ, ಹಾಶಿಮೊಟೊ ಕಾಯಿಲೆಯ ಕಡೆಗಿನ ಒಲವು. ಅದು ಕುಟುಂಬಗಳಲ್ಲಿ ಸಾಗುತ್ತದೆ, ಹೆಂಗಸರಲ್ಲಿ ಗಂಡಸರಿಗಿಂತ ಬಹಳ ಹೆಚ್ಚು. ರೋಗನಿರೋಧಕ ವ್ಯವಸ್ಥೆಯನ್ನು ನಡೆಸುವ ಹಲವು ವಂಶವಾಹಿಗಳು ಸೇರಿ ಆ ಒಲವು ಮಾಡುತ್ತವೆ. ಅದು ಹಾನಿಯಾದ ಡಿಎನ್‌ಎ ಅಲ್ಲ, ಅಜ್ಜಿಯ ಮೂಗು ಬಂದ ಹಾಗೆ ಬಂದದ್ದು. ಮಗಳಿಗೆ ಸುಸ್ತು, ಮುಟ್ಟಿನ ಏರುಪೇರು, ಕೂದಲು ಉದುರುವುದು ಇದ್ದರೆ, ಅಥವಾ ಬಸುರಿಯಾಗುವ ಯೋಚನೆ ಇದ್ದರೆ ಒಂದು ಟಿಎಸ್‌ಎಚ್ ಮಾಡಿಸಿ. ಮದುವೆ ತಪ್ಪಿಸುವಂಥ ಕಾಯಿಲೆ ಅಲ್ಲ ಇದು. ಇದನ್ನು ಕೇಳಿ ಹಿಂದೆ ಸರಿಯುವ ಮನೆಯಾದರೆ ಸರಿಯಲಿ ಎಂಬುದು ನನ್ನ ಸ್ವಂತ ಅಭಿಪ್ರಾಯ.

ಡಿಎನ್‌ಎಗೆ ಪೆಟ್ಟು ಬೀಳುವುದು ಯಾಕೆ?

ಆಕ್ಸಿಡೇಟಿವ್ ಸ್ಟ್ರೆಸ್ ಎಂಬ ಮಾತು ಕೇಳಿರುತ್ತೀರಿ. ಕೋಶ ಶಕ್ತಿ ತಯಾರಿಸುವಾಗ ಚುರುಕಾದ ಆಮ್ಲಜನಕದ ಅಣುಗಳು ಕಿಡಿಯಂತೆ ಸಿಡಿಯುತ್ತವೆ, ಅವನ್ನು ಆರಿಸುವ ಕಿಣ್ವಗಳೂ ಇರುತ್ತವೆ. ಥೈರಾಯ್ಡ್ ಕಡಿಮೆಯಾದರೆ ದೇಹದ ಒಲೆ ಸಣ್ಣಗೆ ಉರಿಯುತ್ತದೆ, ಆದ್ದರಿಂದ ಕಿಡಿಯೂ ಕಡಿಮೆ ಇರಬೇಕು ಎಂದು ತೋರುತ್ತದೆ. ಪ್ರಾಣಿಗಳ ಮೇಲಿನ ಕೆಲವು ಪ್ರಯೋಗಗಳಲ್ಲಿ ಹಾಗೇ ಕಂಡದ್ದೂ ಉಂಟು. ಆದರೆ ಮನುಷ್ಯರಲ್ಲಿ ಲೆಕ್ಕ ಅಷ್ಟು ಸರಳ ಅಲ್ಲ: ರಕ್ತದಲ್ಲಿ ಕೊಬ್ಬು ಏರಿರುತ್ತದೆ, ಆ ಕೊಬ್ಬೇ ಆಕ್ಸಿಡೀಕರಣಗೊಳ್ಳುತ್ತದೆ. ಹಾಶಿಮೊಟೊದ ಉರಿಯೂತ ಬೇರೆ ಇರುತ್ತದೆ. ಕಿಡಿ ಆರಿಸುವ ಕಿಣ್ವಗಳ ಬಲವೂ ಕುಗ್ಗಿರಬಹುದು.

ಇನ್ನೊಂದು ಸಂಗತಿ ನನಗೆ ಯಾವತ್ತೂ ಸೋಜಿಗ. ಥೈರಾಯ್ಡ್ ಗ್ರಂಥಿ ಅಯೋಡಿನನ್ನು ಪ್ರೋಟೀನಿಗೆ ಅಂಟಿಸಲು ತಾನೇ ಹೈಡ್ರೋಜನ್ ಪೆರಾಕ್ಸೈಡ್ ತಯಾರಿಸುತ್ತದೆ. ಗಾಯ ತೊಳೆಯುವಾಗ ಬುರುಬುರು ನೊರೆ ಬರುತ್ತದಲ್ಲ, ಅದೇ ದ್ರವ. ಬೆಂಕಿಯ ಪಕ್ಕದಲ್ಲೇ ಬಾಳುವ ಗ್ರಂಥಿ ಅದು.

ಡಿಎನ್‌ಎ ಹಾನಿಗೂ ಹಾರ್ಟಿಗೂ ಎಂತ ಸಂಬಂಧ?

ಆ ಸಂದೇಶ ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿತ್ತು, "ಜೀನ್ ಹಾಳಾಗಿ ಹಾರ್ಟ್ ಅಟ್ಯಾಕ್" ಎಂಬಂತೆ. ಡಿಎನ್‌ಎ ಪೆಟ್ಟಿನಿಂದಲೇ ಹೃದಯಾಘಾತ ಆಗುತ್ತದೆ ಎಂದು ಥೈರಾಯ್ಡ್ ರೋಗಿಗಳಲ್ಲಿ ಸಾಬೀತಾಗಿಲ್ಲ. ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕಟ್ಟಿದ ಜಾಗಗಳ ಕೋಶಗಳಲ್ಲೂ ಇಂಥದೇ ಡಿಎನ್‌ಎ ಹಾನಿ ಕಾಣುತ್ತದೆ, ಅದು ನಿಜ. ನಾನು ಓದಿ ತಿಳಿದುಕೊಂಡ ಮಟ್ಟಿಗೆ ಎರಡೂ ಒಂದೇ ಬೇರಿನ ಎರಡು ಚಿಗುರು. ಏರಿದ ಕೊಬ್ಬು ಮತ್ತು ಉರಿಯೂತ ರಕ್ತನಾಳವನ್ನೂ ಕೆಡಿಸುತ್ತವೆ, ಬಿಳಿ ಕಣದ ಡಿಎನ್‌ಎಗೂ ಗೀರು ಹಾಕುತ್ತವೆ. ಬಾಲಚುಕ್ಕಿಯ ಬಾಲ ಸುದ್ದಿ ಹೇಳುವ ಟಪಾಲಿನವ, ಕೊಲೆಗಾರ ಅಲ್ಲ.

ಹಾರ್ಟಿಗೆ ನಿಜವಾಗಿ ಆಗುವ ತೊಂದರೆ ಯಾವುದು?

ಇಲ್ಲಿ ಸಂಶಯಕ್ಕೆ ಹೆಚ್ಚು ಜಾಗ ಇಲ್ಲ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಹೃದಯದ ಸ್ನಾಯುಕೋಶದೊಳಗೆ ಟಿ3 ಹೋಗಿ ಕೆಲವು ವಂಶವಾಹಿಗಳನ್ನು ಚಾಲೂ ಮಾಡುತ್ತದೆ, ಕೆಲವನ್ನು ಬಂದ್ ಮಾಡುತ್ತದೆ. ಹೃದಯ ಹಿಂಡಿದ ಮೇಲೆ ಸಡಿಲಾಗಬೇಕಾದರೆ ಕ್ಯಾಲ್ಸಿಯಂ ಅನ್ನು ಬೇಗ ಒಳಗೆಳೆಯುವ ಒಂದು ಪಂಪ್ ಬೇಕು. ಆ ಪಂಪಿನ ವಂಶವಾಹಿ ಟಿ3 ಹೇಳಿದ ಹಾಗೆ ಕೇಳುತ್ತದೆ. ಟಿ3 ಕಡಿಮೆಯಾದರೆ ಪಂಪ್ ಕಡಿಮೆ, ಹೃದಯ ಸಡಿಲಾಗುವುದು ತಡ, ರಕ್ತ ತುಂಬಿಕೊಳ್ಳುವುದೂ ಕಡಿಮೆ. ಮೆಟ್ಟಿಲು ಹತ್ತುವಾಗ ಏದುಸಿರು ಬರುವುದಕ್ಕೆ ಇದೂ ಒಂದು ಕಾರಣ. ಗಮನಿಸಿ, ಇಲ್ಲಿ ಯಾವ ವಂಶವಾಹಿಯೂ ಹಾಳಾಗಿಲ್ಲ. ಸ್ವಿಚ್ ಒತ್ತುವ ಕೈ ಇಲ್ಲ, ಅಷ್ಟೇ. ಕೈ ಮರಳಿ ಬಂದರೆ ದೀಪ ಹತ್ತುತ್ತದೆ.

ಎರಡನೆಯದು ಕೊಲೆಸ್ಟರಾಲ್. ರಕ್ತದಿಂದ ಕೆಟ್ಟ ಕೊಲೆಸ್ಟರಾಲನ್ನು, ಅಂದರೆ ಎಲ್‌ಡಿಎಲ್ ಅನ್ನು, ಹೆಕ್ಕಿ ತೆಗೆಯುವ ಕೊಂಡಿಗಳು ಲಿವರಿನ ಮೇಲ್ಮೈಯಲ್ಲಿರುತ್ತವೆ. ಕೊಂಡಿ ಮಾಡಿಸುವುದೂ ಟಿ3. ಅದು ಕಡಿಮೆಯಾದರೆ ಎಲ್‌ಡಿಎಲ್ ರಕ್ತದಲ್ಲೇ ಸುತ್ತುತ್ತದೆ. ಊಟದಲ್ಲಿ ಎಣ್ಣೆ ಬಿಟ್ಟರೂ ಕೊಲೆಸ್ಟರಾಲ್ ಇಳಿಯದ ಎಷ್ಟೋ ಜನರ ಟಿಎಸ್‌ಎಚ್ ನೋಡಿದರೆ ಉತ್ತರ ಅಲ್ಲೇ ಇರುತ್ತದೆ. ಕೊಲೆಸ್ಟರಾಲಿಗೆ ಸ್ಟಾಟಿನ್ ಮಾತ್ರೆ ಶುರು ಮಾಡುವ ಮೊದಲು ಟಿಎಸ್‌ಎಚ್ ನೋಡಬೇಕು ಎನ್ನುವುದು ಇದಕ್ಕೇ. ಥೈರಾಯ್ಡ್ ಕೊರತೆ ಇದ್ದಾಗ ಸ್ಟಾಟಿನ್ ಕೊಟ್ಟರೆ ಸ್ನಾಯು ನೋವಿನ ಸಂಭವವೂ ಹೆಚ್ಚು. ನಮ್ಮ ಚಿಕ್ಕಮ್ಮ ಎರಡು ವರ್ಷ ಕೊಲೆಸ್ಟರಾಲ್ ಮಾತ್ರೆ ತಿಂದು ಕಾಲು ನೋವೆಂದು ಎಣ್ಣೆ ತಿಕ್ಕಿಸಿಕೊಂಡರು, ಮೂಲ ಕುತ್ತಿಗೆಯಲ್ಲಿತ್ತು.

ಮೂರನೆಯದು, ರಕ್ತನಾಳಗಳು ಬಿಗಿಯಾಗುತ್ತವೆ. ಬಿಪಿಯ ಕೆಳಗಿನ ಅಂಕಿ ಏರುತ್ತದೆ, ನಾಡಿ ನಿಧಾನವಾಗುತ್ತದೆ. ಬಹಳ ಕಾಲ ಬಿಟ್ಟರೆ ಹೃದಯದ ಸುತ್ತಲಿನ ಚೀಲದಲ್ಲಿ ನೀರು ತುಂಬಿಕೊಳ್ಳುವುದೂ ಉಂಟು.

ರಿಪೋರ್ಟಿನಲ್ಲಿ ಟಿಎಸ್‌ಎಚ್ 6.2 ಬಂದಿದೆ. ಹೆದರಬೇಕಾ?

ಹೆದರುವ ಮೊದಲು ಎರಡು ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಮಾಡಿಸಿ. ಒಂದು ಸಲ ತುಸು ಏರಿದ ಟಿಎಸ್‌ಎಚ್ ತಾನಾಗಿ ಇಳಿಯುವುದು ಅಪರೂಪವಲ್ಲ.

11 ಅಧ್ಯಯನಗಳ 55,000ಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟುಗೂಡಿಸಿ 2010ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಹೇಳಿದ್ದು ಇಷ್ಟು: ಹೃದಯದ ರಕ್ತನಾಳದ ಕಾಯಿಲೆಯ ಅಪಾಯ ಸ್ಪಷ್ಟವಾಗಿ ಏರುವುದು ಟಿಎಸ್‌ಎಚ್ 10 ದಾಟಿದವರಲ್ಲಿ. ಅದಕ್ಕಾಗಿಯೇ 10 ದಾಟಿದರೆ ಹೆಚ್ಚಿನ ಡಾಕ್ಟರು ಮಾತ್ರೆ ಬರೆಯುತ್ತಾರೆ. 10ರ ಒಳಗಿದ್ದರೆ ವಯಸ್ಸು, ಲಕ್ಷಣ, ಗ್ರಂಥಿಯ ಮೇಲೆ ದಾಳಿ ಮಾಡುವ ಆಂಟಿಬಾಡಿ, ಕೊಲೆಸ್ಟರಾಲ್, ಗರ್ಭಿಣಿಯೇ ಎಂಬುದನ್ನೆಲ್ಲ ನೋಡಿ ನಿರ್ಧಾರ. 65 ದಾಟಿದವರಲ್ಲಿ ಹೊಸ್ತಿಲಿನ ಕೊರತೆಗೆ ಮಾತ್ರೆ ಕೊಟ್ಟು ನೋಡಿದ ಯುರೋಪಿನ ದೊಡ್ಡ ಪ್ರಯೋಗ 2017ರಲ್ಲಿ ಪ್ರಕಟವಾಯಿತು. 737 ಜನ ಇದ್ದರು. ಸುಸ್ತಿನಲ್ಲಾಗಲಿ ಉಳಿದ ಲಕ್ಷಣಗಳಲ್ಲಾಗಲಿ ಲಾಭ ಕಾಣಲಿಲ್ಲ. ಆದ್ದರಿಂದ 78ರ ಅಜ್ಜನಿಗೆ 6.2 ಬಂದಾಗ ಡಾಕ್ಟರು "ನೋಡುವ" ಎಂದರೆ ಅದು ಉದಾಸೀನ ಅಲ್ಲ.

ಮಾತ್ರೆ ತಿಂದರೆ ಹಾರ್ಟಿಗೆ ತೊಂದರೆ ಅಂತಾರಲ್ಲ?

ಹೆಚ್ಚಾದರೆ ಹೌದು. ಟಿಎಸ್‌ಎಚ್ ತೀರ ತಳಕ್ಕೆ ಹೋದರೆ ಹೃದಯ ತಾಳ ತಪ್ಪಿ ಬಡಿಯುವ ಅಪಾಯ ಏರುತ್ತದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ 1994ರಲ್ಲಿ 60 ದಾಟಿದವರಲ್ಲಿ ಇದು ಸುಮಾರು ಮೂರು ಪಟ್ಟು ಎಂದು ತೋರಿಸಿತ್ತು. ಮೂಳೆಯೂ ಸವೆಯುತ್ತದೆ. ತೂಕ ಇಳಿಯಲಿ ಎಂದು ಎರಡು ಮಾತ್ರೆ ನುಂಗುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಬೇಡ.

ಈಗಾಗಲೇ ಹೃದಯದ ಕಾಯಿಲೆ ಇದ್ದವರಿಗೂ ವಯಸ್ಸಾದವರಿಗೂ 12.5 ಅಥವಾ 25 ಮೈಕ್ರೋಗ್ರಾಂನಿಂದ ಶುರು ಮಾಡಿ ನಿಧಾನಕ್ಕೆ ಏರಿಸುತ್ತಾರೆ. ವರ್ಷಗಟ್ಟಲೆ ಮೆಲ್ಲಗೆ ನಡೆದ ಕೋಣವನ್ನು ಏಕಾಏಕಿ ಕಂಬಳದ ಗದ್ದೆಗೆ ಇಳಿಸುವುದಿಲ್ಲವಲ್ಲ. ಪ್ರಾಯದವರಿಗೆ ಪೂರ್ತಿ ಕೊರತೆ ಇದ್ದರೆ ಕಿಲೋ ತೂಕಕ್ಕೆ 1.6 ಮೈಕ್ರೋಗ್ರಾಂ ಲೆಕ್ಕ.

ಸರಿಯಾದ ಪ್ರಮಾಣದಲ್ಲಿ ಈ ಔಷಧ ಹಳೆಯದು, ನಂಬಿಕಸ್ಥ. ಇಂಗ್ಲೆಂಡಿನ ಜಾರ್ಜ್ ಮರ್ರಿ ಎಂಬ ವೈದ್ಯ 1891ರಲ್ಲಿ ಕುರಿಯ ಥೈರಾಯ್ಡ್ ರಸವನ್ನು 46 ವರ್ಷದ ಹೆಂಗಸೊಬ್ಬರಿಗೆ ಚುಚ್ಚಿದರು. ಆಕೆ ಮತ್ತೆ 28 ವರ್ಷ ಬದುಕಿದರು, ಅಷ್ಟರಲ್ಲಿ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಆಕೆಗೆ ಸಂದಿತ್ತು. ನಮಗೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಒಂದು ಮಾತ್ರೆ ಸಾಕು.

ಬೆಳಿಗ್ಗೆ ಚಾ ಕುಡಿಯದೆ ಆಗುವುದಿಲ್ಲ. ಮಾತ್ರೆ ಜೊತೆಗೇ ತಗೊಳ್ಳಬಹುದಾ?

ಇಲ್ಲ. ಚಿಕಿತ್ಸೆ ಸೋಲುವುದು ಹೆಚ್ಚಾಗಿ ಇಲ್ಲೇ. ಖಾಲಿ ಹೊಟ್ಟೆ, ಬರೀ ನೀರು, ಆಮೇಲೆ ಅರ್ಧದಿಂದ ಒಂದು ಗಂಟೆ ಏನೂ ಬೇಡ. ಜೊತೆಗೆ ಕಾಫಿ ಕುಡಿದರೆ ದೇಹ ಮಾತ್ರೆಯನ್ನು ಪೂರ್ತಿ ಹೀರಿಕೊಳ್ಳುವುದಿಲ್ಲ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಇದ್ದರೆ 4 ಗಂಟೆ ಅಂತರ. ರಕ್ತ ಕೊಡುವ ದಿನ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ತೆಗೆದುಕೊಳ್ಳಿ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ತಿನ್ನುವವರು ರಕ್ತಪರೀಕ್ಷೆಗೆ ಎರಡು ಮೂರು ದಿನ ಮೊದಲೇ ನಿಲ್ಲಿಸಿ, ಅದು ಯಂತ್ರವನ್ನೇ ಏಮಾರಿಸಿ ಸುಳ್ಳು ಅಂಕಿ ಕೊಡಿಸುತ್ತದೆ.

ಪ್ರಮಾಣ ಬದಲಾಯಿಸಿದ ಮೇಲೆ 6ರಿಂದ 8 ವಾರ ಕಾಯದೆ ಪರೀಕ್ಷೆ ಮಾಡಿಸಿದರೆ ದುಡ್ಡು ದಂಡ. ಮಾತ್ರೆಯಲ್ಲಿರುವುದು ಟಿ4, ಅದು ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಆದ್ದರಿಂದ ಒಂದು ದಿನ ಮರೆತರೆ ಆಕಾಶ ಕಳಚಿ ಬೀಳುವುದಿಲ್ಲ, ಆದರೆ "ಈಗ ಆರಾಮ ಉಂಟು" ಎಂದು ಎರಡು ತಿಂಗಳು ಬಿಟ್ಟರೆ ಮತ್ತೆ ಮೊದಲಿನಿಂದ.

ಮಳೆಗಾಲದಲ್ಲಿ ಮಾತ್ರೆ ಹಾಳಾಗ್ತದಾ?

ಆಗಬಹುದು. ಈ ಮಾತ್ರೆಗೆ ತೇವ, ಶಾಖ, ಬೆಳಕು ಮೂರೂ ಆಗದು. ನಮ್ಮಲ್ಲಿ ಜೂನ್ ಬಂದರೆ ಉಪ್ಪಿನ ಡಬ್ಬಿಯೇ ನೀರಾಗುತ್ತದೆ. ಡಬ್ಬಿಯೊಳಗಿನ ಪುಟ್ಟ ಪೊಟ್ಟಣ ಬಿಸಾಡಬೇಡಿ, ಮುಚ್ಚಳ ಬಿಗಿಯಾಗಿ ಹಾಕಿ. ಗ್ಯಾಸ್ ಒಲೆಯ ಮೇಲಿನ ಕಪಾಟು, ಬಚ್ಚಲುಮನೆಯ ಕಿಟಕಿ, ಫ್ರಿಜ್ಜಿನ ನೆತ್ತಿ ಮೂರೂ ತಪ್ಪು ಜಾಗ. ವಾರಕ್ಕಾಗುವಷ್ಟು ಮಾತ್ರೆ ಹೊರಗೆ ತೆಗೆದು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಡುವ ಅಭ್ಯಾಸ ಆಷಾಢದಲ್ಲಿ ಬೇಡ.

ಕ್ಯಾಬೇಜು, ಮರಗೆಣಸು, ಕಲ್ಲುಪ್ಪು ಬಿಡಬೇಕಾ?

ಬೇಯಿಸಿದ ಕ್ಯಾಬೇಜು ಊಟದ ಪ್ರಮಾಣದಲ್ಲಿ ತಿನ್ನಿ. ಮರಗೆಣಸು ತೊಂದರೆ ಕೊಡುವುದು ಅಯೋಡಿನ್ ಕೊರತೆಯೂ ಇದ್ದು ಅದನ್ನೇ ದಿನಾ ತಿನ್ನುವವರಿಗೆ. ಮಿಡಿ ಉಪ್ಪಿನಕಾಯಿಗೆ ಕಲ್ಲುಪ್ಪು ಇರಲಿ, ಸಾರು ಪಲ್ಯಕ್ಕೆ ಅಯೋಡಿನ್ ಉಪ್ಪು ಬಳಸಿ.

ಆಂಟಿಆಕ್ಸಿಡೆಂಟ್ ತಿಂದರೆ ಡಿಎನ್‌ಎ ಸರಿಯಾಗ್ತದಾ?

ಥೈರಾಯ್ಡ್ ರೋಗಿಗಳು ಆಂಟಿಆಕ್ಸಿಡೆಂಟ್ ಮಾತ್ರೆ ತಿಂದರೆ ಹೃದಯ ಉಳಿಯುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ಪುನರ್ಪುಳಿ ಶರಬತ್ತು ಸೆಕೆಗೆ ಬಹಳ ಒಳ್ಳೆಯದು. ಡಿಎನ್‌ಎ ಹೆಸರಿನಲ್ಲಿ ಅದನ್ನು ದುಬಾರಿ ಬಾಟಲಿಯಲ್ಲಿ ಕೊಳ್ಳಬೇಕಾಗಿಲ್ಲ.

ಡಿಎನ್‌ಎ ಬಗ್ಗೆ ನಿಜಕ್ಕೂ ಚಿಂತೆ ಇದ್ದರೆ ಕವಳದ, ಅಂದರೆ ಎಲೆ ಅಡಿಕೆಯ, ತಟ್ಟೆ ನೋಡಿ. ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ, ಹೊಗೆಸೊಪ್ಪು ಇಲ್ಲದಿದ್ದರೂ. ಜಗಿಯುವವರ ಬಾಯಿಯ ಕೋಶಗಳಲ್ಲಿ ಆ ಮೈಕ್ರೋನ್ಯೂಕ್ಲಿಯಸ್ ಚೂರುಗಳು ಹೆಚ್ಚು. ಬೀಡಿಯ ಹೊಗೆಯೂ ಡಿಎನ್‌ಎಗೆ ಹೊಡೆಯುತ್ತದೆ, ಹೃದಯಕ್ಕೂ ಹೊಡೆಯುತ್ತದೆ. ಅಡಿಕೆ ಬೆಳೆದು ಮಕ್ಕಳನ್ನು ಓದಿಸಿದ ಮನೆಯಿಂದ ಬಂದವಳು ನಾನು, ಇದನ್ನು ಬರೆದದ್ದಕ್ಕೆ ತಮ್ಮನಿಂದ ಬೈಗುಳ ಗ್ಯಾರಂಟಿ. ಆದರೂ ಥೈರಾಯ್ಡಿನಿಂದ ಜೀನ್ ಹಾಳಾಯಿತೇ ಎಂದು ಬಾಯಿತುಂಬ ಕವಳ ಇಟ್ಟುಕೊಂಡು ಕೇಳಿದರೆ ಬೇರೆ ಎಂತ ಹೇಳಲಿ?

ತೆಂಗಿನೆಣ್ಣೆ?

ಎಲ್‌ಡಿಎಲ್ ಏರಿಸುತ್ತದೆ. ಒಗ್ಗರಣೆಗೆ ಇರಲಿ, ಕರಿಯಲು ಬೇಡ. ಬೂತಾಯಿ ಕೂಡ ಪುಳಿಮುಂಚಿ ಆದರೆ ಒಳ್ಳೆಯದು, ತವಾ ಫ್ರೈ ಅಪರೂಪಕ್ಕೆ.

ಯಾವ ಲಕ್ಷಣ ಕಂಡರೆ ತಡ ಮಾಡಬಾರದು?

ಮೇ ತಿಂಗಳ ಸೆಕೆಯಲ್ಲಿ ಊರಿಡೀ ಬೆವರುವಾಗ ಒಬ್ಬರೇ ಫ್ಯಾನ್ ಬೇಡ ಎಂದು ಹೊದಿಕೆ ಎಳೆದುಕೊಳ್ಳುತ್ತಿದ್ದರೆ, ದನಿ ಗೊಗ್ಗರಾಗಿದ್ದರೆ, ಮುಖ ಊದಿ ಮಾತು ನಿಧಾನವಾಗಿದ್ದರೆ ಒಂದು ವಾರದೊಳಗೆ ಪರೀಕ್ಷೆ ಮಾಡಿಸಿ. ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ ಎರಡೂ ಸರ್ಕಾರಿ ಆಸ್ಪತ್ರೆಗಳು, ಅಲ್ಲಿಗೆ ಹೋದರೂ ಆಯಿತು. ವಯಸ್ಸಾದ, ಮಾತ್ರೆ ಬಿಟ್ಟ ರೋಗಿ ಮೈ ತಣ್ಣಗಾಗಿ ಮಂಪರಿನಲ್ಲಿದ್ದರೆ ಅದು ತುರ್ತು, ಅದೇ ದಿನ ಆಸ್ಪತ್ರೆ.

ಎದೆ ಒತ್ತಿದಂತಾಗುವುದು, ದವಡೆ ಅಥವಾ ಎಡಗೈಗೆ ಹರಿಯುವ ನೋವು, ತಣ್ಣನೆ ಬೆವರು ಬಂದರೆ 108ಕ್ಕೆ ಫೋನ್ ಮಾಡಿ. ಹೆಂಗಸರಲ್ಲಿ ಎದೆನೋವಿಲ್ಲದೆ ಬರೀ ಸುಸ್ತು, ವಾಕರಿಕೆ, ಬೆನ್ನುನೋವಾಗಿಯೂ ಬರಬಹುದು. "ಗ್ಯಾಸ್ಟ್ರಿಕ್ ಇರಬೇಕು" ಎಂದು ಸೋಡಾ ಕುಡಿದು ಮಲಗಬೇಡಿ. "ಥೈರಾಯ್ಡಿನ ಸುಸ್ತು" ಎಂದುಕೊಂಡೂ ಮಲಗಬೇಡಿ.

ಗರ್ಭಿಣಿಗೆ?

ಬಸುರಿಯಾದದ್ದು ಗೊತ್ತಾದ ದಿನವೇ ಡಾಕ್ಟರಿಗೆ ತಿಳಿಸಿ, ಮಾತ್ರೆಯ ಪ್ರಮಾಣ ಸಾಮಾನ್ಯವಾಗಿ 25ರಿಂದ 30 ಶೇಕಡಾ ಏರಿಸಬೇಕಾಗುತ್ತದೆ. ಮಾತ್ರೆ ಮಗುವಿಗೆ ಆಗುವುದಿಲ್ಲ ಎಂದು ಯಾರಾದರೂ ಹಿರಿಯರು ಬಿಡಿಸಿದರೆ ಕೇಳಬೇಡಿ. ಮೊದಲ ತಿಂಗಳುಗಳಲ್ಲಿ ಮಗುವಿನ ಮಿದುಳಿಗೆ ತಾಯಿಯ ಹಾರ್ಮೋನೇ ಆಧಾರ.

ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬೆಳಿಗ್ಗೆ ಬಂದರೆ ಮಾತ್ರೆ ಯಾವಾಗ?

ಇದನ್ನು ಕೇಳಿದ್ದು ಮಂದಾರ್ತಿ ಮೇಳದ ಆಟ ಒಂದೂ ಬಿಡದ ನಮ್ಮ ಪಕ್ಕದ ಮನೆಯ ಮಾಸ್ಟ್ರು. ನಡುರಾತ್ರಿ ಚಾ, ಚುರುಮುರಿ, ಬೆಳಗಿನ ಜಾವ ಇನ್ನೊಂದು ಚಾ. ಖಾಲಿ ಹೊಟ್ಟೆ ಎಂಬುದು ಅವರಿಗೆ ನವೆಂಬರಿನಿಂದ ಮೇ ತನಕ ಇಲ್ಲ. ರಾತ್ರಿ ಮಲಗುವಾಗ ತೆಗೆದುಕೊಂಡರೂ ಮಾತ್ರೆ ಚೆನ್ನಾಗಿ ಹಿಡಿಯುತ್ತದೆ ಎಂದು ನೆದರ್‌ಲೆಂಡ್ಸ್‌ನ ಅಧ್ಯಯನ 2010ರಲ್ಲಿ ತೋರಿಸಿದೆ, ಊಟವಾಗಿ 3 ಗಂಟೆ ಕಳೆದಿರಬೇಕು. ಡಾಕ್ಟರ ಹತ್ತಿರ ಕೇಳಿ ಅವರು ಅದಕ್ಕೆ ಬದಲಾಯಿಸಿಕೊಂಡರು. ಏಳೂವರೆಗೆ ಗಂಜಿ ಊಟ, ಹತ್ತೂವರೆಗೆ ಚೆಂಡೆ ಏರುವ ಹೊತ್ತಿಗೆ ಕಿಸೆಯಿಂದ ಮಾತ್ರೆ, ಬಾಟಲಿಯ ನೀರು. ಚುರುಮುರಿ ಹನ್ನೊಂದೂವರೆಯ ನಂತರ. ಕಳೆದ ಸಲದ ಟಿಎಸ್‌ಎಚ್ 2.8.